ಅದು ಸೇರದು, ಇದು ಆಗದು ಎನ್ನುವವರಿಗೆ ಕ್ರೂಸ್ ಹಡಗಿನ ಊಟ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಮನೆಗಳಲ್ಲಿ ಕ್ರೂಸ್ ಪ್ರವಾಸದ ಮಾತು ಬಂದರೆ ಸಮುದ್ರಕ್ಕಿಂತ ಮೊದಲು ಬರುವ ಪ್ರಶ್ನೆ: "ಅಲ್ಲಿ ನವಗೆ ಉಂಬಲೆ ಎಂತ ಸಿಕ್ಕುಗು?" ನ್ಯಾಯವಾದ ಪ್ರಶ್ನೆಯೇ. ಕುಚ್ಚಲಕ್ಕಿ ಅನ್ನ, ಬೋಳು ಕೊದಿಲು (ತೆಂಗಿನಕಾಯಿ ಅರೆದು ಹಾಕದ ಸಾಂಬಾರು), ತಂಬುಳಿ ಉಂಡು ಬೆಳೆದವರಲ್ಲಿ ಕೆಲವರಿಗೆ ನೀರುಳ್ಳಿ ಬೆಳ್ಳುಳ್ಳಿಯ ವಾಸನೆಯೇ ಆಗದು. ಕೆಲವರಿಗೆ ಮೊಟ್ಟೆ ತಾಗಿದ ಸೌಟು ಕಂಡರೆ ಅಲ್ಲಿಗೆ ಊಟ ಮುಗಿಯಿತು. ಮಕ್ಕಳಿಗೆ ಬಿಳಿ ಅನ್ನ, ಮೊಸರು ಬಿಟ್ಟು ಬೇರೆ ಬೇಡ. ಹಡಗಿನ ಊಟವನ್ನು ಇಂಥವರ ಲೆಕ್ಕದಲ್ಲೇ ಅಳೆದ ವಿಮರ್ಶೆ ಇದು. ತೀರ್ಪು ಮೊದಲೇ ಹೇಳುತ್ತೇವೆ: ಬಫೆಯನ್ನು ನಂಬಿ ಹೋದರೆ ಅರೆಹೊಟ್ಟೆ. ಮೇಜಿಗೆ ತಂದು ಬಡಿಸುವ ದೊಡ್ಡ ಊಟದ ಕೋಣೆಯನ್ನು (ಡೈನಿಂಗ್ ಹಾಲ್) ಹಿಡಿದು, ಹಿಂದಿನ ದಿನವೇ ಹೇಳಿಟ್ಟರೆ ನೆಮ್ಮದಿಯಲ್ಲಿ ಉಣ್ಣಬಹುದು.

ನಮ್ಮ ಜಿಲ್ಲೆಯವರಿಗೆ ಸುಲಭದಲ್ಲಿ ಸಿಗುವುದು ಕಾರ್ಡೆಲಿಯಾ ಕಂಪೆನಿಯ ಎಂಪ್ರೆಸ್. 1990ರಲ್ಲಿ ರಾಯಲ್ ಕೆರಿಬಿಯನ್ ಕಂಪೆನಿಗಾಗಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು, 2021ರ ಸೆಪ್ಟೆಂಬರಿನಿಂದ ಮುಂಬಯಿಯನ್ನು ನೆಲೆಯಾಗಿಸಿಕೊಂಡು ಹೊಸ ಹೆಸರಿನಲ್ಲಿ ಓಡತೊಡಗಿತು. ಗೋವಾ, ಕೊಚ್ಚಿ, ಲಕ್ಷದ್ವೀಪ ಅದರ ಪರಿಚಿತ ದಾರಿಗಳು. ಋತುವಿಗೆ ತಕ್ಕಂತೆ ದಾರಿ ಬದಲಾಗುವುದರಿಂದ ಕೊಚ್ಚಿಯಲ್ಲಿ ಹತ್ತಲು ಆಗುತ್ತದೋ ಇಲ್ಲವೋ ಎಂದು ಆಯಾ ತಿಂಗಳ ಪಟ್ಟಿಯಲ್ಲೇ ನೋಡಿಕೊಳ್ಳಬೇಕು. ಕೊಚ್ಚಿಯ ಕ್ರೂಸ್ ಟರ್ಮಿನಲ್ ವಿಲ್ಲಿಂಗ್ಡನ್ ದ್ವೀಪದ ಸಾಗರಿಕಾ. 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಮಂಗಳೂರಿನ ಪಣಂಬೂರು ಬಂದರಿಗೆ ಬರುವ ವಿದೇಶಿ ಹಡಗುಗಳು ಸಾಮಾನ್ಯವಾಗಿ ಹಗಲು ನಿಂತು ಸಂಜೆ ಹೊರಡುವಂಥವು. ಮನೆಗೆ ಅಷ್ಟು ಹತ್ತಿರ ಬಂದರೂ ಹತ್ತಲು ಬೇರೆ ಬಂದರಿಗೇ ಹೋಗಬೇಕಾಗುತ್ತದೆ.

ಯಾವ ಹಡಗೇ ಆಗಲಿ, ಊಟದ ವ್ಯವಸ್ಥೆಯ ಮೂಳೆಕಟ್ಟು ಒಂದೇ. ಮೇಲಿನ ಡೆಕ್ಕಿನಲ್ಲಿ ಬಫೆ, ಕೆಳಗೆ ಮೇಜಿಗೆ ಬಡಿಸುವ ಮುಖ್ಯ ಹಾಲ್, ಎರಡೂ ಟಿಕೆಟಿನೊಳಗೆ. ಇವಲ್ಲದೆ ಬೇರೆ ಹಣ ಕೊಟ್ಟು ಹೋಗುವ ಒಂದೆರಡು ವಿಶೇಷ ರೆಸ್ಟೋರೆಂಟ್, ಮತ್ತೆ ಕೋಣೆಗೆ ತರಿಸುವ ಊಟ. ವಿಶೇಷ ರೆಸ್ಟೋರೆಂಟುಗಳಿಗೆ ಹಣ ಹಾಕುವ ಮೊದಲು ಅಲ್ಲಿನ ಮೆನು ಕೈಗೆ ತೆಗೆದುಕೊಂಡು ಓದಿ. ನಿಮಗೆ ಆಗುವ ಮೂರು ಪದಾರ್ಥ ಅದರಲ್ಲಿ ಇಲ್ಲವಾದರೆ ಬಿಟ್ಟುಬಿಡಿ.

ಹಡಗಿನ ಅಡುಗೆಮನೆಯ ಬಗ್ಗೆ ಒಂದು ಸಂಗತಿ ಗೊತ್ತಿದ್ದರೆ ಅರ್ಧ ನಿರಾಸೆ ತಪ್ಪುತ್ತದೆ. ಬೆಂಕಿಯ ಭಯದಿಂದ ಕ್ರೂಸ್ ಹಡಗುಗಳ ಅಡುಗೆಮನೆಯಲ್ಲಿ ಗ್ಯಾಸಿನ ತೆರೆದ ಉರಿ ಇಡುವುದಿಲ್ಲ. ಎಲ್ಲವೂ ಕರೆಂಟಿನ ಒಲೆ, ಒಲೆಪೆಟ್ಟಿಗೆ, ಹಬೆಯ ಪಾತ್ರೆ. ಹಾಗಾಗಿ ಉರಿಯ ಮೇಲೆ ಉಬ್ಬಿದ ಚಪಾತಿ ಇಲ್ಲ, ಕೆಂಡದಲ್ಲಿ ಸುಟ್ಟ ಹಪ್ಪಳ ಇಲ್ಲ. ರೊಟ್ಟಿಗಳನ್ನು ಮೊದಲೇ ಬೇಯಿಸಿ ಮುಚ್ಚಿದ ಪಾತ್ರೆಯಲ್ಲಿ ಇಡುತ್ತಾರೆ. ಅವು ತಮ್ಮದೇ ಹಬೆಯಲ್ಲಿ ಬೆವೆತು, ಆಮೇಲೆ ಚಕ್ಕಳದ ಹಾಗೆ ಜಗ್ಗುತ್ತವೆ. ರೊಟ್ಟಿ ಬೇಕಿದ್ದವರು ಮೇಜಿನ ಊಟದಲ್ಲಿ "ಬಿಸಿ ಬಿಸಿ ಎರಡು, ಆಮೇಲೆ ಮತ್ತೆರಡು" ಎಂದು ತರಿಸಿಕೊಳ್ಳಬೇಕು. ಒಮ್ಮೆಲೇ ಆರು ಬುಟ್ಟಿಯಲ್ಲಿ ಬಂದರೆ ಕೊನೆಯ ಮೂರು ವ್ಯರ್ಥ.

ಇಡ್ಲಿಯದೂ ಅದೇ ಕಥೆ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳಿಗೆ ಅಲ್ಲಿನ ಆರೋಗ್ಯ ಇಲಾಖೆಯ ನಿಯಮವಿದೆ: ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು, ತಣ್ಣಗಿನದು 5 ಡಿಗ್ರಿಗಿಂತ ಮೇಲೆ ಏರಬಾರದು. ಬೇರೆ ಕಡೆಯ ಹಡಗುಗಳೂ ಇದೇ ರೀತಿಯ ಕಟ್ಟುನಿಟ್ಟಿನಲ್ಲಿರುತ್ತವೆ. ಆರೋಗ್ಯಕ್ಕೆ ಒಳ್ಳೆಯದು, ಇಡ್ಲಿಗೆ ಅಲ್ಲ. ಸ್ಟೀಲಿನ ಟ್ರೇಯ ಅಡಿಯಲ್ಲಿ ಬಿಸಿನೀರು, ಮೇಲೆ ಗುಮ್ಮಟದ ಮುಚ್ಚಳ. ಪ್ರತಿಸಲ ಮುಚ್ಚಳ ಎತ್ತಿದಾಗ ಒಳಗಿನ ಹನಿಗಳು ಓರೆಯಾಗಿ ಇಳಿದು ಇಡ್ಲಿಯ ಮೇಲೆ ಬೀಳುತ್ತವೆ. ಅರ್ಧ ಗಂಟೆಯಲ್ಲಿ ತಳ ಅಂಟಾಗಿ, ಗಾಳಿ ತಾಗಿದ ಅಂಚು ಗಟ್ಟಿಯಾಗುತ್ತದೆ. ಬೆಳಗ್ಗೆ ಕೌಂಟರ್ ತೆರೆದ ಮೊದಲ ಇಪ್ಪತ್ತು ನಿಮಿಷದಲ್ಲಿ ಹೋದವರಿಗೆ ಮಾತ್ರ ಇಡ್ಲಿ ಇಡ್ಲಿಯಾಗಿ ಸಿಗುತ್ತದೆ. ದೋಸೆಯನ್ನು ಕಣ್ಣೆದುರಿಗೆ ಹೊಯ್ದುಕೊಡುವ ಕೌಂಟರ್ ಇದ್ದರೆ ಅದೇ ಒಳ್ಳೆಯದು, ಆದರೆ ಅಲ್ಲೊಂದು ವಿಷಯ ನೋಡಿ: ಅದೇ ಕಾವಲಿಯಲ್ಲಿ ಆಮ್ಲೆಟ್ ಮಾಡುತ್ತಾರೆಯೇ? ಮಾಡುತ್ತಿದ್ದರೆ ಬೇರೆ ಕಾವಲಿ ಕೇಳಿ. ಜನ ಕಡಿಮೆ ಇದ್ದರೆ ಕೊಡುತ್ತಾರೆ. ತೆಳ್ಳವಿನ (ನೀರುದೋಸೆಯ) ಆಸೆ ಮಾತ್ರ ಬೇಡ. ನೀರಾಗಿ ಹೊಯ್ಯುವ ಹಿಟ್ಟನ್ನು ಅಲ್ಲಿ ಯಾರೂ ಕಲಸುವುದಿಲ್ಲ.

ಬಫೆಯಲ್ಲಿ ನಮಗೆ ದೊಡ್ಡ ತಕರಾರು ಸೌಟಿನದು. ಪಲಾವಿನ ಟ್ರೇ, ಅದರ ಪಕ್ಕ ಪನೀರ್, ಅದರ ಪಕ್ಕ ಕೋಳಿ. ಮೂರಕ್ಕೂ ಒಂದೇ ಅಳತೆಯ ಸೌಟು. ಯಾರೋ ಒಬ್ಬರು ಕೋಳಿ ಬಡಿಸಿಕೊಂಡು ಸೌಟನ್ನು ಪನೀರಿನ ಟ್ರೇಯ ಅಂಚಿಗೆ ಒರಗಿಸುತ್ತಾರೆ, ಮುಂದಿನವರು ಅದನ್ನೇ ತೆಗೆದು ಪಲಾವಿಗೆ ಹಾಕುತ್ತಾರೆ. ಕೆಟ್ಟ ಉದ್ದೇಶ ಯಾರಿಗೂ ಇಲ್ಲ, ಆದರೆ ಒಂದು ಗಂಟೆಯೊಳಗೆ ಹಸಿರು ಚೀಟಿಗೆ ಅರ್ಥ ಉಳಿಯುವುದಿಲ್ಲ. ಕೌಂಟರ್ ತೆರೆದ ಕೂಡಲೇ ಬಡಿಸಿಕೊಳ್ಳುವುದು ಒಂದು ದಾರಿ. ಇನ್ನೊಂದು, ಟ್ರೇಯ ಹಿಂದೆ ನಿಂತವರಲ್ಲಿ "ಒಳಗಿನಿಂದ ಹೊಸ ಟ್ರೇಯಿಂದ ಒಂದು ತಟ್ಟೆ ಕೊಡಿ" ಎಂದು ಕೇಳುವುದು. ಸಂಕೋಚ ಬೇಡ, ಇದು ದಿನಾ ಕೇಳುವ ಮಾತೇ. ಬಫೆಗೆ ಹೋಗುವ ಮೊದಲೂ, ಸೌಟು ಹಿಡಿದು ಬಂದು ಊಟಕ್ಕೆ ಕೂರುವ ಮೊದಲೂ ಸಾಬೂನು ಹಾಕಿ ಕೈ ತೊಳೆಯಿರಿ. ಹಡಗಿನಲ್ಲಿ ವಾಂತಿಭೇದಿ ಹರಡುವ ನೊರೋವೈರಸ್‌ಗೆ ಬಾಗಿಲಲ್ಲಿ ಕೊಡುವ ಸ್ಯಾನಿಟೈಸರ್ ಸಾಕಾಗುವುದಿಲ್ಲ.

ಇನ್ನು ಏನೆಂದು ಹೇಳಬೇಕು ಎಂಬುದು. ಹೆಚ್ಚಿನವರು ಎಡವುವುದು ಇಲ್ಲೇ. ನೀರುಳ್ಳಿ ಬೆಳ್ಳುಳ್ಳಿ ಬೇಡವೆಂದು ಬುಕಿಂಗ್ ಫಾರಮಿನಲ್ಲಿ "ಜೈನ" ಎಂದು ಗುರುತು ಹಾಕುತ್ತಾರೆ. ಜೈನ ಊಟದಲ್ಲಿ ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಹಸಿ ಶುಂಠಿ, ಒಟ್ಟಾರೆ ನೆಲದಡಿಯ ಗಡ್ಡೆ ಯಾವುದೂ ಇರುವುದಿಲ್ಲ. ನಮ್ಮವರಿಗೆ ಅವೆಲ್ಲ ಆಗುತ್ತವೆ. ಸುಮ್ಮನೆ ಅರ್ಧ ತರಕಾರಿ ಕಳೆದುಕೊಂಡು, ಟೊಮೆಟೊ ರಸದಲ್ಲಿ ಅದ್ದಿದ ಪನೀರನ್ನೇ ಮೂರು ಹೊತ್ತು ಉಣ್ಣಬೇಕಾಗುತ್ತದೆ. ಅದರ ಬದಲು ಚೀಟಿಯಲ್ಲಿ ಹೀಗೆ ಬರೆದುಕೊಡಿ: "ಸಸ್ಯಾಹಾರ. ಮೊಟ್ಟೆ, ಮೀನು, ಮಾಂಸದ ಸ್ಟಾಕ್ (ಬೇಯಿಸಿ ತೆಗೆದ ರಸ) ಬೇಡ. ನೀರುಳ್ಳಿ, ಬೆಳ್ಳುಳ್ಳಿ ಬೇಡ. ಆಲೂಗಡ್ಡೆ, ಶುಂಠಿ, ಹಾಲು, ಮೊಸರು, ತುಪ್ಪ ಆಗುತ್ತದೆ." ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಬೇಡದ್ದನ್ನು ಮಾತ್ರ ಹೇಳಿದರೆ ಅಡುಗೆಯವರು ಹೆದರಿ ಬೇಯಿಸಿದ ಬೀನ್ಸ್ ಕಳಿಸುತ್ತಾರೆ. ಆಗುವುದನ್ನು ಹೇಳಿದರೆ ಅಡುಗೆ ಮಾಡುತ್ತಾರೆ. ವಿದೇಶಿ ಹಡಗಾದರೆ ಇದನ್ನು ಇಂಗ್ಲಿಷಿನಲ್ಲಿ ನಾಲ್ಕು ಪ್ರತಿ ಮಾಡಿಸಿ ಇಟ್ಟುಕೊಳ್ಳಿ, ಪ್ರಯಾಣಕ್ಕೆ ಎರಡು ತಿಂಗಳು ಇರುವಾಗಲೇ ಇಮೇಲಿನಲ್ಲೂ ಕಳಿಸಿ.

ಬರೇ ಇಷ್ಟವಿಲ್ಲದ್ದನ್ನು ಅಲರ್ಜಿ ಎಂದು ಹೇಳಲೇಬೇಡಿ. ಅಲರ್ಜಿ ಎಂದ ತಕ್ಷಣ ಬೇರೆ ಪಾತ್ರೆ, ಬೇರೆ ಹಲಗೆ ಎಂದು ಅಡುಗೆಮನೆಯ ಕ್ರಮವೇ ಬದಲಾಗುತ್ತದೆ, ಮಸಾಲೆಯ ಮಿಶ್ರಣಗಳೆಲ್ಲ ನಿಮ್ಮ ತಟ್ಟೆಯಿಂದ ಹೊರಗೆ ಹೋಗುತ್ತವೆ. ಅದಕ್ಕಿಂತ ಹೆಚ್ಚಾಗಿ, ನೆಲಗಡಲೆ ತಾಗಿದರೆ ಪ್ರಾಣಕ್ಕೇ ಸಂಚಕಾರವಾಗುವವರ ಮಾತಿನ ತೂಕ ಇಂಥ ಸುಳ್ಳುಗಳಿಂದ ಇಳಿಯುತ್ತದೆ.

ವಿದೇಶಿ ಮೆನುವಿನಲ್ಲಿ ಹೆಸರು ನೋಡಿ ಮೋಸಹೋಗುವ ಪದಾರ್ಥಗಳು ಹಲವು. ಫ್ರೆಂಚ್ ಆನಿಯನ್ ಸೂಪಿಗೆ ಹೆಚ್ಚಾಗಿ ದನದ ಎಲುಬಿನ ಸ್ಟಾಕ್. ತರಕಾರಿ ಸೂಪಿಗೂ ಕೋಳಿಯ ಸ್ಟಾಕ್ ಬೀಳುತ್ತದೆ, ಪಿಲಾಫ್ ಅನ್ನವನ್ನೂ ಅದರಲ್ಲೇ ಬೇಯಿಸುವುದುಂಟು. ಸೀಸರ್ ಸಲಾಡಿನ ಡ್ರೆಸ್ಸಿಂಗ್, ವೂಸ್ಟರ್ ಸಾಸ್ ಎರಡರಲ್ಲೂ ಆಂಚೊವಿ ಮೀನು. ಥಾಯ್ ಕರಿಯ ಮಸಾಲೆಯಲ್ಲಿ ಸೀಗಡಿ. ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಪನ್ನಾ ಕೊಟ್ಟಾ, ಮಾರ್ಷ್‌ಮೆಲೋ, ಬೇಯಿಸದ ಚೀಸ್‌ಕೇಕ್ ಇವುಗಳಲ್ಲಿ ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆದ ಜೆಲಟಿನ್. ಫ್ರೆಂಚ್ ಫ್ರೈಸ್ ಆಲೂಗಡ್ಡೆಯೇ ಆದರೂ ಮೀನು ಕರಿದ ಎಣ್ಣೆಯಲ್ಲೇ ಮುಳುಗಿ ಎದ್ದಿರಬಹುದು. "ಇದು ವೆಜ್ಜಾ?" ಎಂದರೆ ಹೌದು ಎಂಬ ಉತ್ತರ ಸಲೀಸಾಗಿ ಬರುತ್ತದೆ. "ಇದರ ಸ್ಟಾಕ್ ಯಾವುದು? ಕರಿಯುವ ಎಣ್ಣೆ ಬೇರೆಯಾ?" ಎಂದು ಕೇಳಿ, ಆಗ ಒಳಗೆ ಹೋಗಿ ವಿಚಾರಿಸಿಕೊಂಡು ಬರುತ್ತಾರೆ.

ಹತ್ತಿದ ದಿನವೇ ಮಾಡಬೇಕಾದ ಕೆಲಸ ಒಂದಿದೆ. ಮಧ್ಯಾಹ್ನ ಎಲ್ಲರೂ ಬಫೆಗೆ ನುಗ್ಗಿರುವಾಗ ಕೆಳಗಿನ ಮುಖ್ಯ ಹಾಲಿಗೆ ಹೋಗಿ ಹೆಡ್ ವೇಟರನ್ನು ಕಂಡು ಚೀಟಿ ಕೊಡಿ. ರಾತ್ರಿ ಊಟಕ್ಕೆ ನಿಗದಿತ ಹೊತ್ತು, ನಿಗದಿತ ಮೇಜು ಇರುವ ಪದ್ಧತಿಯಿದ್ದರೆ ಅದನ್ನೇ ಆರಿಸಿ. ಬೇಕಾದ ಹೊತ್ತಿಗೆ ಬರುವ ಪದ್ಧತಿಯಲ್ಲಿ ದಿನಕ್ಕೊಬ್ಬ ವೇಟರ್, ದಿನಾಲೂ ಮೊದಲಿನಿಂದ ಹೇಳಬೇಕು. ಒಂದೇ ಮೇಜಿನಲ್ಲಿ ಎರಡನೆಯ ರಾತ್ರಿಗೆ ನಿಮ್ಮ ಗುರುತಾಗುತ್ತದೆ, ಮೂರನೆಯ ರಾತ್ರಿ ಕೇಳದೆಯೇ ಮೊಸರು ಬರುತ್ತದೆ. ಊಟ ಮುಗಿಸಿ ಏಳುವ ಮೊದಲು ಮರುದಿನದ ಮೆನು ತರಿಸಿ ನೋಡಿ, ಬೇಕಾದ್ದನ್ನು ಆಗಲೇ ಬರೆಸಿ. ನೀರುಳ್ಳಿ ಇಲ್ಲದ ಗ್ರೇವಿಯನ್ನು ಬೇರೆಯಾಗಿಯೇ ಮಾಡಬೇಕು. ಸಾವಿರಾರು ತಟ್ಟೆ ಹೊರಡುವ ಹೊತ್ತಿಗೆ ಕೇಳಿದರೆ ಅದು ಆಗುವ ಕೆಲಸವಲ್ಲ. ಕಾರ್ನಿವಲ್ ಹಡಗುಗಳಲ್ಲಿ ಕೇಳಿದವರಿಗೆ ರಾತ್ರಿ ಭಾರತೀಯ ಸಸ್ಯಾಹಾರದ ಬೇರೆಯೇ ಊಟ ಕೊಡುತ್ತಾರೆ, ಮೆನುವಿನಲ್ಲಿ ಕಾಣದಿದ್ದರೂ ಕೇಳಿ. ಆದರೆ ಭಾರತೀಯ ಎಂದರೆ ಅಲ್ಲಿ ಉತ್ತರದ ಅಡುಗೆ: ಕೆನೆ, ಕಸೂರಿ ಮೇಥಿ, ಚೂರು ಸಿಹಿ. ತೆಂಗಿನಕಾಯಿಯ ಸುಳಿವಿಲ್ಲ. "ಕೆನೆ ಬೇಡ, ಸಕ್ಕರೆ ಬೇಡ, ಜೀರಿಗೆ ಇಂಗು ಒಗ್ಗರಣೆ ಹಾಕಿದ ತೊವ್ವೆ" ಎಂದರೆ ನಮ್ಮ ಬಾಯಿಗೆ ಹತ್ತಿರ ಬರುತ್ತದೆ.

ಇಲ್ಲಿ ನಮ್ಮ ಜಿಲ್ಲೆಯವರಿಗೊಂದು ಅನುಕೂಲವಿದೆ. ಹಡಗಿನ ಕೆಲಸದವರಲ್ಲಿ ಕೇರಳ, ಗೋವಾ, ಮಂಗಳೂರು ಕಡೆಯವರು ಬಹಳ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು, ಹಲವು ಹಡಗುಗಳಲ್ಲಿ ಊರು ಅಥವಾ ದೇಶವೂ ಇರುತ್ತದೆ. ಕನ್ನಡ, ತುಳು, ಮಲಯಾಳ, ಕೊಂಕಣಿ ಎಲ್ಲವೂ ಅಷ್ಟಿಷ್ಟು ಬರುವ ಕಾಸರಗೋಡಿನವರು ಇಂಗ್ಲಿಷಿನಲ್ಲಿ ತಡಕಾಡುವ ಅಗತ್ಯವೇ ಇಲ್ಲ. ತುಳುವಿನಲ್ಲೋ ಮಲಯಾಳದಲ್ಲೋ ಹೇಳಿದರೆ ಬೋಳು ಕೊದಿಲು ಎಂದರೇನು ಎಂಬುದೂ ತಲುಪುತ್ತದೆ.

ಕುಚ್ಚಲಕ್ಕಿ ಇಲ್ಲ, ಎಲ್ಲ ಬಾಸುಮತಿ ಅಥವಾ ಉದ್ದಕ್ಕಿಯ ಬೆಳ್ತಿಗೆ ಅನ್ನ. ಆದರೆ ಏಷ್ಯಾದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಬೆಳಗ್ಗೆ ಕಾಂಜಿ ಎಂಬುದೊಂದು ಇರುತ್ತದೆ. ಇಂಗ್ಲಿಷಿಗೆ ಆ ಶಬ್ದ ಹೋದದ್ದೇ ನಮ್ಮ ದಕ್ಷಿಣದ ಗಂಜಿ, ಕಂಜಿಯಿಂದ. ಸ್ಟಾಕ್ ಹಾಕದ್ದು, ಪ್ಲೇನ್ ಎಂದು ಖಚಿತಪಡಿಸಿಕೊಂಡು ಒಂದು ಬಟ್ಟಲು ಹಾಕಿಸಿಕೊಳ್ಳಿ. ಉಪ್ಪು, ಒಂದು ಚಮಚ ಬೆಣ್ಣೆ, ತಂದ ಉಪ್ಪಿನಕಾಯಿ. ಹೊಟ್ಟೆಗೆ ಇದಕ್ಕಿಂತ ಹಿತವಾದ್ದು ಹಡಗಿನಲ್ಲಿ ಬೇರೆ ಇಲ್ಲ.

ಮೊಸರನ್ನಕ್ಕೆ ಪ್ಲೇನ್ ಯೋಗರ್ಟ್ ಎಂದೇ ಕೇಳಬೇಕು, ಬರೇ ಯೋಗರ್ಟ್ ಎಂದರೆ ಸ್ಟ್ರಾಬೆರಿಯದ್ದು ಬರುತ್ತದೆ. ಅದು ಗಟ್ಟಿ, ಹುಳಿ ಕಡಿಮೆ. ಒಂದು ಬಟ್ಟಲು ಬಿಸಿ ಅನ್ನವನ್ನು ಚಮಚದ ಹಿಂಬದಿಯಲ್ಲಿ ನುರಿದು, ಅರ್ಧ ಬಟ್ಟಲು ಯೋಗರ್ಟ್, ಕಾಲು ಬಟ್ಟಲು ಹಾಲು, ಉಪ್ಪು, ನಾಲ್ಕು ಹನಿ ಲಿಂಬೆರಸ ಹಾಕಿದರೆ ಊರಿನ ಹದ ಬರುತ್ತದೆ. ಹಾಲು ಹಾಕದಿದ್ದರೆ ಉದ್ದಕ್ಕಿ ಎರಡೇ ನಿಮಿಷದಲ್ಲಿ ಎಲ್ಲ ಹೀರಿಕೊಂಡು ಉದುರುದುರಾಗುತ್ತದೆ. ಮಕ್ಕಳಿಗೂ ಇದೇ ಸಾಕು. ಇದೂ ಬೇಡವೆಂದರೆ ಬೆಣ್ಣೆ ಸವರಿದ ಪಾಸ್ತಾ ಎಲ್ಲ ಕಡೆ ಸಿಗುತ್ತದೆ, ಅದರಲ್ಲಿ ಮೊಟ್ಟೆ ಇದೆಯೇ ಎಂದು ಕೇಳಿಕೊಳ್ಳಿ.

ಮೀನು ತಿನ್ನುವವರಿಗೂ ಒಂದು ಮಾತು. ಬಂಗುಡೆ, ಬೂತಾಯಿ ನಿರೀಕ್ಷಿಸಬೇಡಿ. ಸಿಗುವುದು ಮುಳ್ಳು ತೆಗೆದ, ಮಂಜುಗಡ್ಡೆಯಲ್ಲಿಟ್ಟ ಸಾಲ್ಮನ್, ಬಾಸಾದಂಥ ತುಂಡು. ಗಾಂಧಾರಿ ಮೆಣಸಿನ ಖಾರಕ್ಕೆ ಒಗ್ಗಿದವರಿಗೆ ಸಪ್ಪೆ ಸಪ್ಪೆ.

ಮನೆಯಿಂದ ಏನು ಒಯ್ಯಬಹುದು? ಅಂಗಡಿಯ ಸೀಲ್ ಒಡೆಯದ ಪೊಟ್ಟಣಗಳಿಗೆ ಹೆಚ್ಚಿನ ಹಡಗುಗಳಲ್ಲಿ ತಕರಾರಿಲ್ಲ: ಚಿಕ್ಕ ಸ್ಯಾಷೆಯ ಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಬಾಳೆಕಾಯಿ ಚಿಪ್ಸ್, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ. ಮನೆಯಲ್ಲಿ ಮಾಡಿ ಡಬ್ಬಿಗೆ ತುಂಬಿದ್ದನ್ನು ಬಾಗಿಲಲ್ಲೇ ತೆಗೆದಿಡುವುದು ಸಾಮಾನ್ಯ. ಪುಟ್ಟ ಕುಕ್ಕರ್, ನೀರು ಕಾಯಿಸುವ ಕಾಯಿಲ್ ನಿಷಿದ್ಧ. ಕೆಟಲ್ ಕೂಡಾ ಹೆಚ್ಚಿನ ಕಡೆ ಒಳಗೆ ಬಿಡುವುದಿಲ್ಲ. ಕಾರಣ ಮತ್ತೆ ಬೆಂಕಿಯೇ. ಬಿಸಿನೀರು ಬಫೆಯ ಚಹಾ ಯಂತ್ರದಲ್ಲಿ ಸಿಗುತ್ತದೆ, ಒಂದು ಥರ್ಮಸ್ ಇದ್ದರೆ ಸಾಕು. ಮುಂಬಯಿಗೆ ವಿಮಾನದಲ್ಲಿ ಹೋಗುವವರು ಕೊಬ್ಬರಿ ಇಟ್ಟುಕೊಳ್ಳಬೇಡಿ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ವಿಮಾನಯಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಅದು ಇದೆ.

ಅಲೆ ಜೋರಿದ್ದ ದಿನ ಎಣ್ಣೆ ಪದಾರ್ಥ ಬಿಟ್ಟು ಹಸಿರು ಸೇಬು, ಉಪ್ಪಿನ ಬಿಸ್ಕತ್ತು, ಶುಂಠಿ ಚಹಾ ಕೇಳಿ. ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಭಾಗಕ್ಕೆ ಹತ್ತಿರದ ಮೇಜಿನಲ್ಲಿ ತೂಗಾಟ ಕಡಿಮೆ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ಹೊರಗೇ ನಿಂತು ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಕಡಲು ಒರಟಾಗಿದ್ದರೆ ಇಳಿಯುವುದೇ ರದ್ದು, ಅಂಥ ದಿನ ಇಡೀ ಹಡಗು ಬಫೆಯಲ್ಲಿರುತ್ತದೆ. ಮುಖ್ಯ ಹಾಲ್ ಮಧ್ಯಾಹ್ನವೂ ತೆರೆದಿದೆಯೇ ಎಂದು ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ. ಇಳಿಯುವ ದಿನ ಬೆಳಗ್ಗಿನ ತಿಂಡಿ ಬೇಗ ಮುಗಿಯುತ್ತದೆ, ಹೇಳಿ ಮಾಡಿಸುವ ಅಡುಗೆಯೂ ಅಂದು ಇಲ್ಲ. ಸಾಗರಿಕಾದಿಂದ ರೈಲು ಹಿಡಿದು ಕಾಸರಗೋಡಿಗೆ ಬರುವಷ್ಟು ಹೊತ್ತಿಗೆ ಬೇಕಾಗುವ ಉಪ್ಪಿಟ್ಟಿನ ಪೊಟ್ಟಣ ಒಂದನ್ನು ಕೊನೆಯವರೆಗೂ ಉಳಿಸಿಕೊಳ್ಳಿ.