ಕನ್ನಡ ದತ್ತಾಂಶಕ್ಕೆ ಮೈಎಸ್‌ಕ್ಯೂಎಲ್ 8.0: ದೀರ್ಘಕಾಲದ ಬಳಕೆಯ ನಂತರದ ಅಭಿಪ್ರಾಯ

ಬಸವನಗುಡಿಯ ಕನ್ನಡ ಪುಸ್ತಕ ಮಾರಾಟ ಸಂಸ್ಥೆಯೊಂದರ ಪುಸ್ತಕಪಟ್ಟಿ, ದಾಸ್ತಾನು ಮತ್ತು ಗ್ರಾಹಕರ ವಿವರಗಳನ್ನು ನಾನು ಹಲವು ವರ್ಷಗಳಿಂದ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ನಿರ್ವಹಿಸುತ್ತಿದ್ದೇನೆ. 5.7 ಆವೃತ್ತಿಗೆ ಅಕ್ಟೋಬರ್ 2023ರಲ್ಲಿ ಬೆಂಬಲ ನಿಂತಿದ್ದರಿಂದ 8.0ಕ್ಕೆ ಬಂದೆವು. ಪಿಎಚ್‌ಪಿಯಲ್ಲಿ ಬರೆದ ಜಾಲತಾಣ, ಅಂಗಡಿಯ ಬಿಲ್ಲಿಂಗ್ ತಂತ್ರಾಂಶ ಮತ್ತು ಲೆಕ್ಕಪತ್ರ ವಿಭಾಗಕ್ಕೆ ವರದಿ ಕೊಡುವ ಜಾವಾ ಅಪ್ಲಿಕೇಶನ್, ಈ ಮೂರೂ ಒಂದೇ ಡೇಟಾಬೇಸನ್ನು ಬಳಸುತ್ತವೆ. ಕನ್ನಡ ಪಠ್ಯವನ್ನು ಈ ಉತ್ಪನ್ನ ಹೇಗೆ ನಿಭಾಯಿಸುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ನಮ್ಮ ತೊಂದರೆ ಶುರುವಾದದ್ದು ಹೀಗೆ: ಒಂದೇ ಟೇಬಲ್‌ನ ಒಂದೇ ಶೀರ್ಷಿಕೆ ಜಾಲತಾಣದಲ್ಲಿ ಶುದ್ಧ ಕನ್ನಡವಾಗಿ ಕಾಣುತ್ತಿತ್ತು, ವರದಿಯಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಬರುತ್ತಿತ್ತು. 5.7ರವರೆಗೆ ಮೈಎಸ್‌ಕ್ಯೂಎಲ್‌ನ ಪೂರ್ವನಿಯೋಜಿತ ಅಕ್ಷರ ಸಂಕೇತ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಇರುವ ಲ್ಯಾಟಿನ್-1. ತನ್ನ ಸಂಕೇತ ಯಾವುದೆಂದು ತಾನಾಗಿ ಘೋಷಿಸದ ಪಿಎಚ್‌ಪಿ ಪ್ರೋಗ್ರಾಂ ಸರ್ವರ್ ಹೇಳಿದ್ದನ್ನೇ ಒಪ್ಪಿಕೊಳ್ಳುತ್ತದೆ. ಹೀಗಾಗಿ ಎಲ್ಲ ಲಿಪಿಗಳನ್ನೂ ಹಿಡಿಸುವ ಯುಟಿಎಫ್-8 ಸಂಕೇತದಲ್ಲಿದ್ದ ಕನ್ನಡದ ಬೈಟ್‌ಗಳು ಲ್ಯಾಟಿನ್-1 ಎಂಬ ಹಣೆಪಟ್ಟಿಯೊಂದಿಗೆ ಒಳಗೆ ಹೋಗಿ, ಅದೇ ಹಣೆಪಟ್ಟಿಯೊಂದಿಗೆ ಬದಲಾಗದೆ ಹೊರಗೆ ಬರುತ್ತಿದ್ದವು. ಜಾವಾ ಅಪ್ಲಿಕೇಶನ್ ತನಗೆ ಯುಟಿಎಫ್-8 ಬೇಕೆಂದು ಸರಿಯಾಗಿಯೇ ಕೇಳುತ್ತಿತ್ತು, ಆಗ ಸರ್ವರ್ ಪ್ರತಿಯೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ತಿಳಿದು ಪರಿವರ್ತಿಸಿ ಕೊಡುತ್ತಿತ್ತು.

ಕನ್ನಡಕ್ಕೆ ಇಂಥ ಕೆಡುಕಿನ ಗುರುತು ಬಹಳ ಸ್ಪಷ್ಟವಾಗಿದೆ. ಕನ್ನಡದ ಪ್ರತಿಯೊಂದು ಸಂಕೇತಬಿಂದುವೂ (ಯುನಿಕೋಡ್‌ನಲ್ಲಿ ತನ್ನದೇ ಸಂಖ್ಯೆಯಿರುವ ಅಕ್ಷರ ಅಥವಾ ಚಿಹ್ನೆ) ಯುಟಿಎಫ್-8ರಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಹೆಕ್ಸ್ ಎಂಬ ಹದಿನಾರು ಅಂಕಿಗಳ ಬರಹದಲ್ಲಿ ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. 'ಕ' ಅಕ್ಷರ ಇ0-ಬಿ2-95 ಆಗಿರುವುದರಿಂದ ಅದು ತಲೆಯ ಮೇಲೆ ಓರೆಗೆರೆಯಿರುವ ರೋಮನ್ ಎ, ಮೇಲೆ ಬರೆದ ಸಣ್ಣ ಎರಡು ಮತ್ತು ಒಂದು ದಪ್ಪ ಚುಕ್ಕೆಯಾಗಿ ಕಾಣುತ್ತದೆ. ಉಕಾರ, ಏಕಾರದಂಥ ಗುಣಿತ ಚಿಹ್ನೆಗಳಲ್ಲಿ ಮತ್ತು ವಿರಾಮದಲ್ಲಿ (ಅರ್ಧಾಕ್ಷರದ ಚಿಹ್ನೆ) ಸಣ್ಣ ಎರಡರ ಬದಲು ಸಣ್ಣ ಮೂರು ಬರುತ್ತದೆ. ಪುಟದ ತುಂಬ ಇವೇ ಕಂಡರೆ ಗಾಬರಿ ಬೇಡ, ಪಠ್ಯ ಇನ್ನೂ ಉಳಿದಿದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಅವು ಓದುವಾಗ ಹುಟ್ಟಿದವೋ, ಟೇಬಲ್‌ನಲ್ಲೇ ಕೂತಿವೆಯೋ ಎಂದು ನೋಡಬೇಕು. ಅದಕ್ಕೆ ಬೈಟ್‌ಗಳನ್ನು ಇದ್ದ ಹಾಗೆಯೇ ತೋರಿಸುವ ಹೆಕ್ಸ್ ಎಂಬ ಫಂಕ್ಷನ್ ಸಾಕು. ಅದು ಪ್ರಶ್ನಾರ್ಥಕ ಚಿಹ್ನೆಯ ಬೈಟ್ ಆದ 3ಎಫ್ ಎಂದೇ ಸಾಲಾಗಿ ತೋರಿಸಿದರೆ ಮೂಲ ಪಠ್ಯ ಹೋದಂತೆಯೇ. ನಮ್ಮಲ್ಲಿ ಅಂಥ ಶೀರ್ಷಿಕೆಗಳನ್ನು ಮುದ್ರಿತ ಪಟ್ಟಿ ನೋಡಿ ಮತ್ತೆ ಟೈಪ್ ಮಾಡಿಸಬೇಕಾಯಿತು.

ದುರಸ್ತಿಗೆ ಹೊರಡುವವರು ಟೇಬಲನ್ನು ನೇರವಾಗಿ ಯುಟಿಎಫ್8ಎಂಬಿ4ಕ್ಕೆ (ಪೂರ್ಣ ಯುಟಿಎಫ್-8ಕ್ಕೆ ಮೈಎಸ್‌ಕ್ಯೂಎಲ್‌ನಲ್ಲಿರುವ ಹೆಸರು) 'ಕನ್ವರ್ಟ್ ಟು' ಆಜ್ಞೆಯಿಂದ ಬದಲಿಸಬಾರದು. ಹಣೆಪಟ್ಟಿ ಸುಳ್ಳಾಗಿರುವಾಗ ಹಾಗೆ ಮಾಡಿದರೆ ಸರ್ವರ್ ಸುಳ್ಳನ್ನೇ ನಂಬಿ ಪರಿವರ್ತಿಸುತ್ತದೆ, 'ಕ' ಅಕ್ಷರದ ಮೂರು ಬೈಟ್‌ಗಳು ಏಳಾಗಿ ಟೇಬಲ್‌ನಲ್ಲಿ ನಿಲ್ಲುತ್ತವೆ. ಮೊದಲು ಕಾಲಂ ಅನ್ನು, ಬರೀ ಬೈಟ್‌ಗಳನ್ನಷ್ಟೇ ಇಡುವ ಬ್ಲಾಬ್ ಅಥವಾ ವಾರ್‌ಬೈನರಿ ಮಾಡಿ ಹಣೆಪಟ್ಟಿಯನ್ನು ಕಿತ್ತುಹಾಕಬೇಕು, ಆಮೇಲೆ ಯುಟಿಎಫ್8ಎಂಬಿ4 ಪಠ್ಯ ಕಾಲಂ ಆಗಿ ಬದಲಿಸಬೇಕು. ಆಗ ಬೈಟ್‌ಗಳು ಇದ್ದ ಹಾಗೆಯೇ ಇರುತ್ತವೆ. ಇದನ್ನು ಪ್ರತಿಯ ಮೇಲೆ ಮಾಡಿ ನೋಡಿದ ನಂತರವೇ ಮೂಲಕ್ಕೆ ಕೈ ಹಾಕಬೇಕು. ಜೊತೆಗೆ ಪ್ರತಿಯೊಂದು ಅಪ್ಲಿಕೇಶನ್ನಿನ ಸಂಪರ್ಕದಲ್ಲೂ ಯುಟಿಎಫ್8ಎಂಬಿ4 ಎಂದು ಬಾಯಿಬಿಟ್ಟು ಹೇಳಬೇಕು. ಟೇಬಲ್ ಮಾತ್ರ ಸರಿಮಾಡಿ ಸಂಪರ್ಕವನ್ನು ಹಾಗೇ ಬಿಟ್ಟರೆ ಮರುದಿನದಿಂದಲೇ ಹೊಸ ಸಾಲುಗಳು ಕೆಡಲು ತೊಡಗುತ್ತವೆ. 8.0ರಲ್ಲಿ ಪೂರ್ವನಿಯೋಜಿತ ಸಂಕೇತವೇ ಯುಟಿಎಫ್8ಎಂಬಿ4 ಆಗಿರುವುದು ನಮ್ಮಂಥವರಿಗೆ ದೊಡ್ಡ ಉಪಕಾರ, ಆದರೆ ಘೋಷಣೆಯಿಲ್ಲದ ಹಳೆಯ ಪ್ರೋಗ್ರಾಂಗಳು ಹಳೆಯ ಟೇಬಲ್‌ಗಳ ಮೇಲೆ ಆ ದಿನವೇ ಎಡವುತ್ತವೆ ಎಂಬುದನ್ನು ಮೊದಲೇ ತಿಳಿದಿರಬೇಕು.

ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಬೇರೆಯೇ ವಿಷಯ. ಅಲ್ಲಿ ಸಂಗ್ರಹವಾಗಿರುವುದೇ ರೋಮನ್ ಅಕ್ಷರಗಳಾದ್ದರಿಂದ ಡೇಟಾಬೇಸಿನ ಯಾವ ಆಜ್ಞೆಯೂ ಕೆಲಸಕ್ಕೆ ಬಾರದು, ಯುನಿಕೋಡ್ ಪರಿವರ್ತಕವೇ ಬೇಕು.

ನನ್ನ ಅಸಮಾಧಾನಗಳೂ ಇವೆ. ಹಳೆಯ 'ಯುಟಿಎಫ್8' ಎಂಬ ಸಂಕೇತ ಮೂರು ಬೈಟ್‌ಗಳಿಗೇ ನಿಲ್ಲುತ್ತದೆ. ಕನ್ನಡ ಅದರಲ್ಲಿ ಪೂರ್ತಿ ಹಿಡಿಸುವುದರಿಂದ ಕೊರತೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಓದುಗರೊಬ್ಬರು ತಮ್ಮ ಅನಿಸಿಕೆಯ ನಡುವೆ ನಾಲ್ಕು ಬೈಟ್ ಬೇಕಾದ ಒಂದು ಎಮೋಜಿ ಹಾಕಿದಾಗ, ತಪ್ಪು ದತ್ತಾಂಶವನ್ನು ತಿರಸ್ಕರಿಸುವ ಕಟ್ಟುನಿಟ್ಟಿನ ಮೋಡ್ ಆಫ್ ಆಗಿದ್ದರೆ, ಅಲ್ಲಿಂದ ಮುಂದಿನ ಕನ್ನಡವೆಲ್ಲ ಕತ್ತರಿಸಿಹೋಗುತ್ತದೆ. ಹೊಸ ಮತ್ತು ಹಳೆಯ ಟೇಬಲ್‌ಗಳನ್ನು ಜೋಡಿಸುವಾಗ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ, ಅನುಕ್ರಮದಲ್ಲಿ ಇಡುವ ನಿಯಮ) ಬೆರಕೆಯ 1267 ಸಂಖ್ಯೆಯ ದೋಷವೂ ಕಾಡುತ್ತದೆ. ಆದರೂ 8.0ರ ಹೊಸ ಕೊಲೇಶನ್ ನನಗೆ ನಿಜಕ್ಕೂ ಇಷ್ಟವಾಗಿದೆ. 'ಸಾಫ್ಟ್‌ವೇರ್' ಎಂಬಲ್ಲಿ ನಾವು ಹಾಕುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರವನ್ನು ಅದು ಹೋಲಿಕೆಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಡುಕುವವರು ಅದನ್ನು ಟೈಪ್ ಮಾಡಿದರೂ ಬಿಟ್ಟರೂ ಪುಸ್ತಕ ಸಿಗುತ್ತದೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಈಗ ಹೊಸ ಅಪ್ಲಿಕೇಶನ್ ಯಾವುದೇ ಬರಲಿ, ಒತ್ತಕ್ಷರವೂ ಎಮೋಜಿಯೂ ಇರುವ ಒಂದು ಪರೀಕ್ಷಾ ಶೀರ್ಷಿಕೆಯನ್ನು ಅದರಿಂದ ಬರೆಸಿ, ಉಳಿದ ಮೂರರಲ್ಲೂ ಓದಿಸಿ, ಹೆಕ್ಸ್ ಮೌಲ್ಯ ತಾಳೆಯಾದ ಮೇಲಷ್ಟೇ ಅದಕ್ಕೆ ಬರೆಯುವ ಅನುಮತಿ ಕೊಡುತ್ತೇವೆ.