ಹೊಗೆಪೆಟ್ಟಿಗೆಗೆ ಜಾಲರಿ ಕೊಳ್ಳುವ ಮುಂಚೆ

ಕಾಫಿ ಒಣಗಿಸುವ ಮೇಜಿಗೆ ಹೊಡೆದು ಮಿಕ್ಕಿದ ಜಿಐ ಜಾಲರಿಯ ತುಂಡನ್ನೇ ಕತ್ತರಿಸಿ ಸ್ಮೋಕರ್ (ಮೀನು, ಮಾಂಸಕ್ಕೆ ಹೊಗೆ ಹಿಡಿಸುವ ಪೆಟ್ಟಿಗೆ) ಒಳಗೆ ಇಡುವುದು ತೋಟದ ಮನೆಗಳಲ್ಲಿ ಮೊದಲು ಹೊಳೆಯುವ ಉಪಾಯ. ಕೈಗೆ ಸಿಗುತ್ತದೆ, ಬೇಕಾದ ಅಳತೆಗೆ ಬರುತ್ತದೆ, ಗಟ್ಟಿಯೂ ಹೌದು. ದಯವಿಟ್ಟು ಇಡಬೇಡಿ. ಅದರ ಮೇಲಿರುವುದು ಸತುವಿನ ಲೇಪ. ಉಪ್ಪು, ಹುಳಿ, ತೇವ ಸೇರಿದ ಕಡೆ ಸತು ಕರಗಿ ತಿನ್ನುವ ಪದಾರ್ಥಕ್ಕೆ ಇಳಿಯುತ್ತದೆ. ಉಪ್ಪುನೀರಲ್ಲಿ ನೆನೆಸಿದ ಹಂದಿಮಾಂಸ, ನಿಂಬೆರಸ ಸವರಿದ ಮೀನು, ಮಳೆಗಾಲದಲ್ಲಿ ಹೊಗೆಗೆ ಒಣಗಿಸುವ ಉಪ್ಪಾಗೆ ಎಂಬ ಹುಳಿಹಣ್ಣಿನ ಸಿಪ್ಪೆ, ಯಾವುದಕ್ಕೂ ಅದು ಸಲ್ಲದು. ಕೋಳಿಗೂಡಿನ ಜಾಲರಿಗೂ ಇದೇ ಮಾತು. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಇನ್ನೂ ಕೆಟ್ಟದ್ದು. ಅದು ಸಾಮಾನ್ಯವಾಗಿ ಗಾಜಿನ ನೂಲಿಗೆ ಪಿವಿಸಿ ಹೊದಿಸಿದ್ದು, ಬಿಸಿಗೆ ಮೆತ್ತಗಾಗಿ ವಾಸನೆ ಬಿಡುತ್ತದೆ.

ಹಾಗಾದರೆ ಏನು ಕೊಳ್ಳಬೇಕು? ಆನ್‌ಲೈನ್ ಅಂಗಡಿಗಳಲ್ಲಿ ನಾನ್‌ಸ್ಟಿಕ್ ಜಾಲರಿ ಚಾಪೆಗಳು ಹಲವು ಬಗೆಯಲ್ಲಿ ಸಿಗುತ್ತವೆ. ಅವನ್ನು ನೋಡುವ ಮೊದಲು ಒಂದು ಮಾತು: ಜಾಲರಿ ಭಾರ ಹೊರುವ ವಸ್ತುವಲ್ಲ. ಭಾರ ಹೊರುವುದು ಕೆಳಗಿನ ರ‍್ಯಾಕ್. ದುಡ್ಡಿನ ದೊಡ್ಡ ಪಾಲು ರ‍್ಯಾಕಿಗೆ ಹೋಗಲಿ. ಜಾಲರಿ ಅಂಟುವ, ಉದುರುವ ಪದಾರ್ಥಗಳಿಗೆ ಮಾತ್ರ, ಅದೂ ರ‍್ಯಾಕಿಗಿಂತ ಚಿಕ್ಕ ಅಳತೆಯದು.

ರ‍್ಯಾಕಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು 'ನೋಡಿ, ಅಂಟಲ್ಲ, ಅಸಲಿ 304' ಅಂತ ತೋರಿಸಿದರೆ ಅಷ್ಟಕ್ಕೇ ಒಪ್ಪಬೇಡಿ. ನಿಕಲ್ ಕಡಿಮೆ ಇದ್ದು ಮ್ಯಾಂಗನೀಸ್ ಹೆಚ್ಚಿರುವ 202 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ. ಅಡುಗೆಮನೆ ಡಬ್ಬಿಗೆ 202 ನಡೆದೀತು. ಉಪ್ಪು, ಹೊಗೆಯ ಆಮ್ಲ, ತೇವ ಒಟ್ಟಿಗೆ ಇರುವ ಪೆಟ್ಟಿಗೆಯೊಳಗೆ ಅದಕ್ಕೆ ಬೇಗ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ದೊಡ್ಡ ಸ್ಟೀಲ್ ವ್ಯಾಪಾರಿಗಳ ಹತ್ತಿರ ದರ್ಜೆ ತಿಳಿಯುವ ಪರೀಕ್ಷಾ ದ್ರಾವಣ ಇರುತ್ತದೆ, ಒಂದು ಹನಿ ಹಾಕಿ ತೋರಿಸಲು ಹೇಳಿ. ಕ್ರೋಮ್ ಲೇಪದ ಹೊಳೆಯುವ ಓವನ್ ರ‍್ಯಾಕುಗಳು ನೋಡಲು ಚೆಂದ, ಆದರೆ ಲೇಪಕ್ಕೆ ಒಂದು ಗೀರು ಬಿದ್ದರೆ ಅಲ್ಲಿಂದ ಉಪ್ಪು ಒಳಗೆ ಹೊಕ್ಕು ಲೇಪ ಸಿಪ್ಪೆಯೇಳುತ್ತದೆ. ಅಲ್ಯೂಮಿನಿಯಂ ಹಗುರ, ಸೋವಿ. ಉಪ್ಪು, ಹುಳಿ ಎರಡಕ್ಕೂ ತಡೆಯುವುದಿಲ್ಲ.

ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿಸುವುದಾದರೆ ಅಳತೆ ಬರೆದುಕೊಂಡೇ ಹೋಗಿ. ಸ್ಮೋಕರ್ ಮಾಡಿಕೊಳ್ಳುವ 200 ಲೀಟರ್ ಡ್ರಮ್ಮಿನ ಒಳವ್ಯಾಸ ಸುಮಾರು 57 ಸೆಂ.ಮೀ. ರ‍್ಯಾಕ್ 54–55 ಸೆಂ.ಮೀ. ಇರಲಿ, ಡ್ರಮ್ಮು ಎಲ್ಲಾದರೂ ನೆಗ್ಗಿದ್ದರೂ ಒಳಗೆ ಇಳಿಯುತ್ತದೆ. ಸುತ್ತಿನ ಚೌಕಟ್ಟಿಗೆ 6 ಮಿ.ಮೀ. ಸರಳು, ಅಡ್ಡಕ್ಕೆ 3–4 ಮಿ.ಮೀ. ಸರಳು, ಸರಳಿನಿಂದ ಸರಳಿಗೆ 12–15 ಮಿ.ಮೀ. ಸಂದು. ನಡುವೆ ಕೆಳಗಿನಿಂದ ಇನ್ನೊಂದು 6 ಮಿ.ಮೀ. ಸರಳು ಅಡ್ಡ ಕೊಡಿಸಿ. ಇದನ್ನು ಬಿಟ್ಟರೆ ನಾಲ್ಕೈದು ಕೆ.ಜಿ. ಮಾಂಸ ಬಿದ್ದ ದಿನ ರ‍್ಯಾಕ್ ಮಧ್ಯದಲ್ಲಿ ಬಾಗಿ, ತುಂಡುಗಳೆಲ್ಲ ಹಳ್ಳಕ್ಕೆ ಜಾರಿ ಒಂದಕ್ಕೊಂದು ತಾಗುತ್ತವೆ. ತಾಗಿದ ಜಾಗಕ್ಕೆ ಹೊಗೆ ಹೋಗುವುದಿಲ್ಲ, ಅಲ್ಲಿ ಬಿಳಿಚಿಕೊಂಡು ಹಸಿ ಉಳಿಯುತ್ತದೆ. ಬೆಸುಗೆ ಆರ್ಗಾನ್ ವೆಲ್ಡಿಂಗ್ ಆಗಿರಲಿ, ಕಡ್ಡಿಯೂ ಸ್ಟೇನ್‌ಲೆಸ್ಸಿನದೇ ಆಗಲಿ. ಮಾಮೂಲಿ ಕಬ್ಬಿಣದ ಕಡ್ಡಿಯಲ್ಲಿ ಬೆಸೆದರೆ ರ‍್ಯಾಕ್ ಚೆನ್ನಾಗಿದ್ದರೂ ಗಂಟುಗಳಲ್ಲಿ ತುಕ್ಕು ಏಳುತ್ತದೆ. ಬೆಸುಗೆಯ ಕಪ್ಪು ಕಲೆಯನ್ನು ಉಜ್ಜಿ ತೆಗೆದುಕೊಡಲು ಹೇಳುವುದನ್ನೂ ಮರೆಯಬೇಡಿ.

ಇಂಥ ರ‍್ಯಾಕಿನ ಮೇಲೆ ಇಡೀ ಜಿಲೇಬಿ ಮೀನು, ಕಾಟ್ಲಾದ ದಪ್ಪ ತುಂಡು, ಹಂದಿಯ ಪಟ್ಟಿ, ಕೋಳಿಯ ತೊಡೆ, ಎಲ್ಲವೂ ನೇರವಾಗಿ ಕೂರುತ್ತವೆ. ಜಾಲರಿಯೇ ಬೇಡ.

ಮೀನಿನ ತೆಳು ತುಂಡು, 5 ಮಿ.ಮೀ. ದಪ್ಪಕ್ಕೆ ಸೀಳಿದ ಮಾಂಸ, ಪನೀರ್, ಸಿಗಡಿ, ಬೆಳ್ಳುಳ್ಳಿ, ಕರಿಮೆಣಸು, ಗೋಡಂಬಿ ಬಂದಾಗಲೇ ಜಾಲರಿ ಬೇಕಾಗುವುದು. ಇಲ್ಲಿ ಜಾಲರಿಯ ಕಣ್ಣಿನ, ಅಂದರೆ ತೂತಿನ, ಅಳತೆ ಮುಖ್ಯ. ಸೀಳು ಮಾಂಸಕ್ಕೆ, ಮೀನಿಗೆ, ಪನೀರಿಗೆ 5–6 ಮಿ.ಮೀ. ಕಣ್ಣು ಸಾಕು. ಸಿಗಡಿ, ಬೆಳ್ಳುಳ್ಳಿ ಎಸಳು, ಮೆಣಸಿನ ಕಾಳಿಗೆ 2.5–3 ಮಿ.ಮೀ. ಹಸಿಯಾಗಿದ್ದಾಗಿನ ಗಾತ್ರ ನೋಡಿ ಕಣ್ಣು ಆರಿಸಬೇಡಿ. ಒಣಗಿದ ಮೇಲಿನ ಗಾತ್ರ ನೋಡಿ. ಸೀಳು ಮಾಂಸ ಒಣಗುತ್ತ ಅರ್ಧಕ್ಕೂ ಹೆಚ್ಚು ತೂಕ ಕಳೆದುಕೊಳ್ಳುತ್ತದೆ, ಸಿಗಡಿ ಮುದುಡುತ್ತದೆ. ಮೊದಲ ಗಂಟೆ ನೆಟ್ಟಗೆ ಕೂತದ್ದು ನಾಲ್ಕನೇ ಗಂಟೆಗೆ ಕೆಂಡದಲ್ಲಿರುತ್ತದೆ.

ಅಂಗಡಿಯವರು ಸ್ಟೀಲ್ ಜಾಲರಿಯನ್ನು ಮೆಶ್ ನಂಬರಿನಲ್ಲಿ ಹೇಳುತ್ತಾರೆ. ಒಂದು ಇಂಚಿಗೆ ಎಷ್ಟು ಕಣ್ಣು ಎಂಬುದೇ ಆ ನಂಬರು. 25.4 ಮಿ.ಮೀ.ಯನ್ನು ನಂಬರಿನಿಂದ ಭಾಗಿಸಿ, ತಂತಿಯ ದಪ್ಪ ಕಳೆದರೆ ಕಣ್ಣಿನ ಅಗಲ. 1.2 ಮಿ.ಮೀ. ತಂತಿಯ 4 ನಂಬರಿಗೆ ಸುಮಾರು 5 ಮಿ.ಮೀ. ಕಣ್ಣು, 0.7 ಮಿ.ಮೀ. ತಂತಿಯ 8 ನಂಬರಿಗೆ ಸುಮಾರು 2.5 ಮಿ.ಮೀ. ತಂತಿಯ ದಪ್ಪ ಹೇಳದೆ ಬರೀ ನಂಬರು ಹೇಳಿದರೆ ಲೆಕ್ಕ ಕೂರುವುದಿಲ್ಲ.

ಈಗ ನಾನ್‌ಸ್ಟಿಕ್ ಚಾಪೆಗಳು. ಕಂದು ಇಲ್ಲವೇ ಕಪ್ಪು ಬಣ್ಣದ, ಬಟ್ಟೆಯಂತೆ ಸುರುಳಿ ಸುತ್ತಬಹುದಾದವು ಗಾಜಿನ ನೂಲಿನ ಬಲೆಗೆ ಪಿಟಿಎಫ್‌ಇ (ಟೆಫ್ಲಾನ್ ಎಂದು ಹೆಸರಾದ ಅಂಟದ ಪ್ಲಾಸ್ಟಿಕ್) ಲೇಪಿಸಿದವು. ಮನೆಯ ಸ್ಮೋಕರಿಗೆ ನಮ್ಮ ಮೊದಲ ಆಯ್ಕೆ ಇದೇ. ತೆಳುವಾಗಿರುವುದರಿಂದ ಗಾಳಿಗೆ ಅಡ್ಡಿ ಕಡಿಮೆ, ಮೀನಿನ ಚರ್ಮ ಕಿತ್ತುಕೊಳ್ಳದೆ ಎದ್ದು ಬರುತ್ತದೆ, ಪನೀರ್ ಒಡೆಯುವುದಿಲ್ಲ. ತಯಾರಕರು ಸಾಮಾನ್ಯವಾಗಿ ಹೇಳುವ ಮಿತಿ 260 ಡಿಗ್ರಿ ಸೆಲ್ಸಿಯಸ್. ಬಿಸಿ ಹೊಗೆಯ ಅಡುಗೆ 65ರಿಂದ 110 ಡಿಗ್ರಿಯೊಳಗೆ ಮುಗಿಯುವುದರಿಂದ ಹೊಗೆಯಲ್ಲಿ ಅದಕ್ಕೆ ಭಯವಿಲ್ಲ. ಭಯವಿರುವುದು ಜ್ವಾಲೆಗೆ. ಹಂದಿಯ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಭಗ್ಗನೆ ಹೊತ್ತಿಕೊಂಡರೆ ಆ ಜಾಗದ ಬಿಸಿ ಮಿತಿ ದಾಟುತ್ತದೆ, ಲೇಪ ಸುಟ್ಟು ವಿಷದ ಆವಿ ಬರುತ್ತದೆ. ಸಾಕಿದ ಗಿಳಿ, ಲವ್‌ಬರ್ಡ್ಸ್‌ಗಳಿಗೆ ಆ ಆವಿ ಪ್ರಾಣಕ್ಕೇ ಕುತ್ತು. ಆದ್ದರಿಂದ ಕೆಂಡದ ಬುಟ್ಟಿಗೂ ಚಾಪೆಗೂ ಕನಿಷ್ಠ 40 ಸೆಂ.ಮೀ. ಅಂತರವಿರಲಿ, ನಡುವೆ ಕೊಬ್ಬು ಹಿಡಿಯುವ ಒಂದು ತಟ್ಟೆ ಇರಲಿ. ಸ್ಮೋಕರಿನಿಂದ ತೆಗೆದು ಅದೇ ಚಾಪೆಯನ್ನು ಗ್ರಿಲ್ಲಿನ ಉರಿಯ ಮೇಲೆ ಹಾಸುವುದಂತೂ ಬೇಡವೇ ಬೇಡ.

ಪೊಟ್ಟಣದ ಮೇಲೆ 'ಪಿಎಫ್‌ಒಎ ಇಲ್ಲ' ಎಂದಿದ್ದರೆ ಪಿಟಿಎಫ್‌ಇ ಇಲ್ಲ ಎಂದು ಅರ್ಥವಲ್ಲ. ಪಿಎಫ್‌ಒಎ ತಯಾರಿಕೆಯಲ್ಲಿ ಬಳಸುತ್ತಿದ್ದ ಬೇರೆಯೇ ರಾಸಾಯನಿಕ. 2019ರಲ್ಲಿ ಅದು ಅಪಾಯಕಾರಿ ರಾಸಾಯನಿಕಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಿತ ಪಟ್ಟಿಗೆ ಸೇರಿತು. ಲೇಪವೇ ಬೇಡ ಎನ್ನುವವರು 4 ನಂಬರಿನ ಸ್ಟೀಲ್ ಜಾಲರಿಗೆ ಬಟ್ಟೆಯಲ್ಲಿ ತೆಳ್ಳಗೆ ಎಣ್ಣೆ ಒರೆಸಿ ಬಳಸಲಿ. ಸ್ವಲ್ಪ ಅಂಟುತ್ತದೆ, ತೊಳೆಯುವ ಕೆಲಸ ಹೆಚ್ಚು, ಆದರೆ ವರ್ಷಗಟ್ಟಲೆ ಬಾಳುತ್ತದೆ.

ಸಿಲಿಕೋನ್ ಜಾಲರಿಗೆ ಅಷ್ಟು ಒಳ್ಳೆ ಅಂಕ ಕೊಡಲಾಗದು. ಎಳೆಗಳು ದಪ್ಪ, ಅದರಿಂದ ತೆರೆದ ಜಾಗ ಕಡಿಮೆ. ವಾಸನೆಯನ್ನೂ ಹೀರಿಕೊಳ್ಳುತ್ತದೆ: ಬಂಗುಡೆ ಇಟ್ಟ ಚಾಪೆಯ ಮೇಲೆ ಮುಂದಿನ ವಾರ ಪನೀರ್ ಇಟ್ಟರೆ ಗೊತ್ತಾಗುತ್ತದೆ. ಒಣಗಿಸುವ ಹಣ್ಣಿಗೆ, ಟೊಮೆಟೊಗೆ ಸರಿ. ಕಬ್ಬಿಣದ ಜಾಲರಿಗೆ ಕಪ್ಪು ನಾನ್‌ಸ್ಟಿಕ್ ಬಣ್ಣ ಹೊಡೆದ ಬುಟ್ಟಿಗಳನ್ನು ಕೊಳ್ಳಲೇಬೇಡಿ. ತಂತಿಗಳು ಕೂಡುವ ಮೂಲೆಗಳಲ್ಲಿ ಲೇಪ ಮೊದಲು ಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಚಾಪೆಯ ಅಳತೆಯದು. ರ‍್ಯಾಕ್ ಪೂರ್ತಿ ಮುಚ್ಚುವಂತೆ ಹಾಸಿ, ಮೇಲೆ ಒತ್ತೊತ್ತಾಗಿ ಮೀನು ಜೋಡಿಸಿದರೆ ಹೊಗೆಗೆ ಮೇಲೇರಲು ದಾರಿ ಇರುವುದಿಲ್ಲ. ಕೆಳಗೆ ಸುತ್ತಿಕೊಂಡು ಹಳಸಿದ ಹೊಗೆ ಪದಾರ್ಥಕ್ಕೆ ಡಾಂಬರಿನಂಥ ಪದರ ಹಿಡಿಸುತ್ತದೆ. ಹಳೇ ಅಡುಗೆಮನೆಯ ಇಲ್ಲಣದಂಥ ಕಹಿ ಬರುತ್ತದೆ. ಜನ ಕಟ್ಟಿಗೆಯನ್ನು ದೂರುತ್ತಾರೆ, ತಪ್ಪು ಚಾಪೆಯದು. 55 ಸೆಂ.ಮೀ. ದುಂಡು ರ‍್ಯಾಕಿಗೆ 40×35 ಸೆಂ.ಮೀ. ಚಾಪೆ ಸರಿಯಾದದ್ದು: ನಾಲ್ಕು ಮೂಲೆ ಒಳಗೇ ಕೂರುತ್ತವೆ, ನಾಲ್ಕೂ ಬದಿಯಲ್ಲಿ ಹೊಗೆಗೆ ದಾರಿ ಉಳಿಯುತ್ತದೆ. ಚೌಕ ಪೆಟ್ಟಿಗೆಯಾದರೆ ಎಲ್ಲ ಕಡೆ 3 ಸೆಂ.ಮೀ. ಬಿಡಿ. ತುಂಡಿನಿಂದ ತುಂಡಿಗೆ ಒಂದು ಬೆರಳಿನ ಸಂದು, ರ‍್ಯಾಕಿನಿಂದ ರ‍್ಯಾಕಿಗೆ ಮೀನಿಗಾದರೆ 10 ಸೆಂ.ಮೀ., ಸೀಳು ಮಾಂಸಕ್ಕೆ 6 ಸಾಕು. ಹಸಿ ಕೋಳಿ, ಹಂದಿ ಯಾವತ್ತೂ ಕೆಳಗಿನ ರ‍್ಯಾಕಿನಲ್ಲಿರಲಿ. ಅವುಗಳ ರಸ ಪನೀರಿನ ಮೇಲೆ ತೊಟ್ಟಿಕ್ಕಬಾರದು.

ನಾನ್‌ಸ್ಟಿಕ್ ಕೊಂಡೂ ಮೀನು ಅಂಟಿತು ಎಂಬ ದೂರು ಬಂದರೆ ಮೊದಲು ಕೇಳಬೇಕಾದ್ದು, ಒಣಗಿಸಿದಿರಾ? ಉಪ್ಪುನೀರಿನಿಂದ ತೆಗೆದ ಮೀನಿನ ಮೈ ಮುಟ್ಟಿದರೆ ಜಿಗುಟು ಅನ್ನಿಸುವಷ್ಟು, ಆದರೆ ಬೆರಳಿಗೆ ನೀರು ಹತ್ತದಷ್ಟು ಒಣಗಬೇಕು. ಆ ಪದರಕ್ಕೇ ಹೊಗೆ ಹಿಡಿಯುವುದು, ಆ ಪದರವೇ ಮೀನನ್ನು ಜಾಲರಿಯಿಂದ ಬೇರೆ ಇಡುವುದು. ಬಯಲುಸೀಮೆ ಕಡೆಯ ಕಡೂರು, ಅರಸೀಕೆರೆಗಳಲ್ಲಿ ಫ್ಯಾನಿನ ಕೆಳಗೆ ಬೇಗ ಆಗುವ ಈ ಕೆಲಸ ಮೂಡಿಗೆರೆ, ಸಕಲೇಶಪುರದ ಜುಲೈ ಮಳೆಯಲ್ಲಿ ಬರೀ ಗಾಳಿಗೆ ಆಗುವುದಿಲ್ಲ. ಅಲ್ಲಿ ಚಾಪೆಯ ಸಮೇತ ಮೀನನ್ನು ಫ್ರಿಜ್ಜಿನಲ್ಲಿ ಮುಚ್ಚದೆ ರಾತ್ರಿಯಿಡೀ ಇಡಿ. ಬಳಿಕ ಚಿಮಣಿ ಪೂರ್ತಿ ತೆರೆದು ಹೊಗೆಯಿಲ್ಲದ ಹದ ಬಿಸಿಯಲ್ಲಿ ಅರ್ಧ ಗಂಟೆ ಇಟ್ಟು, ಆಮೇಲೆ ಹೊಗೆ ಹಾಕಿ. ಇಲ್ಲವಾದರೆ ಮುಚ್ಚಳದಲ್ಲಿ ನೀರು ಕಟ್ಟಿ ಕಪ್ಪು ಹನಿಯಾಗಿ ಮೀನಿನ ಮೇಲೆ ಬೀಳುತ್ತದೆ. ಮೀನಿನ ಒಳಬಿಸಿ 63 ಡಿಗ್ರಿ, ಕೋಳಿಯದು 74 ಮುಟ್ಟಿದ್ದನ್ನು ಥರ್ಮಾಮೀಟರಿನಲ್ಲಿ ನೋಡಿಯೇ ತೆಗೆಯಿರಿ. ತೆಗೆದ ಕೂಡಲೇ ಎಬ್ಬಿಸಬೇಡಿ. ಹತ್ತು ನಿಮಿಷ ಆರಲು ಬಿಟ್ಟು, ಚಾಪೆಯನ್ನೇ ಕೆಳಗಿನಿಂದ ಬಾಗಿಸಿದರೆ ತುಂಡು ತಾನಾಗಿ ಬಿಡುತ್ತದೆ.

ಡಬ್ಬಿಯಲ್ಲಿ ಬರುವ ಎಣ್ಣೆ ಸ್ಪ್ರೇ ನಾನ್‌ಸ್ಟಿಕ್ ಮೇಲೆ ಬೇಡ. ಅದರಲ್ಲಿನ ಲೆಸಿಥಿನ್ ಸುಟ್ಟು ಗೋಂದಿನಂತೆ ಕೂತು, ಅಂಟದ ಲೇಪವನ್ನು ಅಂಟುವ ಲೇಪ ಮಾಡುತ್ತದೆ.

ತೊಳೆಯುವುದು ಅದೇ ದಿನ ಆಗಬೇಕು. ಬಿಸಿನೀರಿಗೆ ಪಾತ್ರೆ ಸೋಪು ಇಲ್ಲವೇ ಅಂಟುವಾಳದ ನೀರು ಹಾಕಿ ಚಾಪೆಯನ್ನು ಅರ್ಧ ಗಂಟೆ ನೆನೆಸಿ, ಮೆತ್ತನೆಯ ಸ್ಪಂಜಿನಲ್ಲೋ ನೆಂದ ಹೀರೇಕಾಯಿ ನಾರಿನಲ್ಲೋ ಉಜ್ಜಿ. ಬೂದಿ, ಸ್ಟೀಲ್ ನಾರು ಎರಡೂ ಸ್ಟೀಲ್ ರ‍್ಯಾಕಿಗೆ ಮಾತ್ರ. 2.5 ಮಿ.ಮೀ. ಕಣ್ಣಿನ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಕಟ್ಟಿದ ಕಣ್ಣು ಕಂಡರೆ ಮತ್ತೆ ನೆನೆಸಿ. ಒಣಗಿದ ಮೇಲೆ ಮಡಚಬೇಡಿ, ಸುರುಳಿ ಸುತ್ತಿ. ಮಡಿಕೆಯ ಗೆರೆಯಲ್ಲೇ ಗಾಜಿನ ನೂಲು ಮುರಿಯುವುದು. ಅಂಚು ಹೊಲಿದ ಚಾಪೆಯನ್ನೇ ಆರಿಸಿ, ಕತ್ತರಿಸಿ ಚಿಕ್ಕದು ಮಾಡುವ ಬದಲು ಬೇಕಾದ ಅಳತೆಯದನ್ನೇ ತನ್ನಿ. ಅಂಚಿನಲ್ಲಿ ಬಿಳಿ ಎಳೆ ಇಣುಕಿದ ದಿನ ಆ ಚಾಪೆಯನ್ನು ಬಿಸಾಡಿ. ಆ ಎಳೆ ಗಾಜು, ಊಟಕ್ಕೆ ಸೇರಬಾರದು.