ಬ್ಯಾಡಗಿ ಮೆಣಸಿನಕಾಯಿ: ಡಬ್ಬಿ, ಕಡ್ಡಿ, ಪ್ಯಾಕೆಟ್ ಪುಡಿ

ಹುಬ್ಬಳ್ಳಿಯ ನಮ್ಮ ಮನೆಯ ಖಾರಪುಡಿಗೆ ಬ್ಯಾಡಗಿ ಕಾಯಿಯ ಎರಡು ಬಗೆಗಳಾದ ಡಬ್ಬಿ, ಕಡ್ಡಿ ಮತ್ತು ‘ಬ್ಯಾಡಗಿ’ ಎಂದು ಅಚ್ಚಾದ ಪ್ಯಾಕೆಟ್ ಪುಡಿ, ಈ ಮೂರನ್ನೂ ಬಳಸಿ ನೋಡಿದ್ದೇವೆ. ಮೂರರಲ್ಲಿಯೂ ನಾವು ಕೊಟ್ಟ ಹಣದ ಒಂದು ಪಾಲು ಮೆಣಸಿನಕಾಯಿಗೆ ಸಂದದ್ದೇ ಅಲ್ಲ.

2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಕಾಯಿಯ ಹೆಗ್ಗಳಿಕೆ ಬಣ್ಣದ್ದು, ಖಾರದ್ದಲ್ಲ. ಓಲಿಯೋರೆಸಿನ್ (ಕಾಯಿಯ ಬಣ್ಣ, ರುಚಿ ಹೀರಿ ತೆಗೆದ ಗಟ್ಟಿ ಸಾರ) ತೆಗೆಯುವ ಕಾರ್ಖಾನೆಗಳು ಅದನ್ನು ಕೊಳ್ಳುವುದೂ ಬಣ್ಣಕ್ಕಾಗಿಯೇ. ಸಾರು ಸಪ್ಪೆಯಾಯಿತೆಂದು ಇದೇ ಪುಡಿಯನ್ನು ಮತ್ತೆರಡು ಚಮಚ ಸುರಿಯುವವರು ಬಣ್ಣದ ಬೆಲೆ ತೆತ್ತು ಖಾರ ಕೊಳ್ಳುತ್ತಿದ್ದಾರೆ. ಗಿರಣಿಗೆ ಒಯ್ಯುವಾಗ ಸ್ವಲ್ಪ ಗುಂಟೂರು ಕಾಯಿ ಬೆರೆಸಿದರೆ ಆ ದಂಡ ತಪ್ಪುತ್ತದೆ.

ಡಬ್ಬಿ ಗಿಡ್ಡ, ದಪ್ಪ, ಬೀಜ ಹೆಚ್ಚು. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ನಾವು ಕೊಂಡಾಗಲೆಲ್ಲ ಡಬ್ಬಿಯದೇ ಬೆಲೆ ಮೇಲಿತ್ತು. ಅದರ ಘಮಕ್ಕೆ ಆ ಬೆಲೆ ನ್ಯಾಯವೇ, ಆದರೆ ಶೇಂಗಾ ಚಟ್ನಿಯಂತಹ, ಕುದಿಸದೆ ತಿನ್ನುವ ಪದಾರ್ಥಗಳಲ್ಲಿ ಮಾತ್ರ. ಸಾರು, ಪಲ್ಯಗಳಲ್ಲಿ ಯಾವುದು ಡಬ್ಬಿ, ಯಾವುದು ಕಡ್ಡಿ ಎಂದು ನಮ್ಮ ಮನೆಯಲ್ಲಿ ಯಾರೂ ಗುರುತಿಸಲಿಲ್ಲ.

ಎರಡಕ್ಕೂ ತಗಲುವ ನಿಜವಾದ ನಷ್ಟ ನೀರಿನದು. ಚೆನ್ನಾಗಿ ಒಣಗಿದ ಕಾಯಿ ಅಲುಗಿಸಿದರೆ ಬೀಜ ಗಲಗಲ ಎನ್ನುತ್ತದೆ, ಬಾಗಿಸಿದರೆ ಮುರಿಯುತ್ತದೆ. ಹಸಿ ಹಿಡಿದದ್ದು ಚಕ್ಕಳದ ಹಾಗೆ ಮಡಚಿಕೊಳ್ಳುತ್ತದೆ. ಅಂತಹ ಕಾಯಿಯನ್ನು ಒಂದು ಕಿಲೋ ತಂದು, ಮಾಳಿಗೆಯ ಬಿಸಿಲಿಗೆ ಹಾಕಿ, ತೊಟ್ಟು ತೆಗೆದು ತೂಗಿದಾಗ 850 ಗ್ರಾಂಗಿಂತ ಕಡಿಮೆ ಉಳಿಯಿತು. ಕಿಲೋಗೆ ಹತ್ತು ರೂಪಾಯಿ ಇಳಿಸಿಕೊಳ್ಳಲು ಚೌಕಾಶಿ ಮಾಡುವುದಕ್ಕಿಂತ ಒಂದು ಕಾಯಿ ಮುರಿದು ನೋಡುವುದು ಲಾಭದಾಯಕ.

ಪ್ಯಾಕೆಟ್‌ನಲ್ಲಿ ಮುರಿದು ನೋಡುವ ಅವಕಾಶವೇ ಇಲ್ಲ. ಅದರ ಹೊಳಪೂ ಪೂರ್ತಿ ಕಾಯಿಯದೇ ಆಗಿರಬೇಕಿಲ್ಲ, ಏಕೆಂದರೆ ಖಾರಪುಡಿಗೆ ಶೇಕಡ 2ರವರೆಗೆ ಖಾದ್ಯ ಎಣ್ಣೆ ಬೆರೆಸಲು ಕಾನೂನೇ ಅನುಮತಿಸುತ್ತದೆ. ನೂರು ಗ್ರಾಂ ಪ್ಯಾಕೆಟ್ಟಿನ ಬೆಲೆಯನ್ನು ಹತ್ತರಿಂದ ಗುಣಿಸಿದರೆ ಬರುವ ಕಿಲೋ ಬೆಲೆ, ಒಳ್ಳೆಯ ಕಡ್ಡಿ ಕಾಯಿಗೆ ಗಿರಣಿಯ ಕೂಲಿ ಸೇರಿಸಿ ನಾವು ಕೊಡುತ್ತಿದ್ದುದಕ್ಕಿಂತ ಹೆಚ್ಚೇ ಆಗುತ್ತಿತ್ತು. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವವರಿಗೆ ಅದೇ ಅನುಕೂಲ, ಒಪ್ಪತಕ್ಕದ್ದೇ.

ಬ್ಯಾಡಗಿಗೇ ಹೋಗಿ ತಂದರೆ ಅಗ್ಗವೆಂಬ ಮಾತೂ ಅರ್ಧ ಸತ್ಯ. ಮಾರುಕಟ್ಟೆಯ ಟೆಂಡರಿನಲ್ಲಿ ಲೈಸೆನ್ಸುಳ್ಳ ಖರೀದಿದಾರರು ಚೀಲಗಟ್ಟಲೆ ಕೊಳ್ಳುತ್ತಾರೆ. ನಮಗೆ ಸಿಗುವುದು ಪಕ್ಕದ ಅಂಗಡಿಯ ದರ. ನಾಲ್ಕು ಮನೆಯವರು ಕೂಡಿ ತರಿಸಿದರೆ ಮಾತ್ರ ಬಸ್ಸಿನ ಖರ್ಚು ಹುಟ್ಟುತ್ತದೆ.